ಯಂತ್ರ ನಾದಿತು, ತಾಯಿ ನೋಡಿದರು

ಹೋಳಿಗೆಯ ಕಣಕವನ್ನು ನಾದುವುದು ಎಷ್ಟು ಶ್ರಮದ ಕೆಲಸವೆಂಬುದು ಉಣ್ಣುವವರಿಗೆ ತಿಳಿಯುವುದಿಲ್ಲ. ನಾದಿದವರಿಗೆ ಮಾತ್ರ ತಿಳಿದಿರುತ್ತದೆ. ಮೂವತ್ತೇಳನೆಯ ವಯಸ್ಸಿನವರೆಗೆ ನಾನು ಉಣ್ಣುವವರ ಪಂಕ್ತಿಯಲ್ಲಿಯೇ ಕುಳಿತಿದ್ದವನು. ತರಗತಿಯಲ್ಲಿ ಪಂಪ ರನ್ನರ ಪಾಠ ಹೇಳಿ ಮನೆಗೆ ಬಂದು ಎಲೆಯ ಮುಂದೆ ಕುಳಿತರೆ ಹೋಳಿಗೆ ತಾನಾಗಿ ಬಂದು ಬೀಳುತ್ತಿತ್ತು. ಅದು ಎಲ್ಲಿಂದ ಬರುತ್ತದೆಂದು ಯೋಚಿಸುವ ಅಗತ್ಯ ನನಗೆಂದೂ ತೋರಿರಲಿಲ್ಲ.

ಅದು ನಮ್ಮ ತಾಯಿಯವರ ಕೈಗಳಿಂದ ಬರುತ್ತಿತ್ತು. ಆ ಕೈಗಳಿಗೆ ವಯಸ್ಸಾಯಿತು. ಎಪ್ಪತ್ತರ ಅಂಚಿನಲ್ಲಿ ಬೆರಳಿನ ಗಿಣ್ಣುಗಳಲ್ಲಿ ನೋವು ಕಾಣಿಸಿಕೊಂಡಿತು. ಸಂಧಿವಾತವೆಂದು ವೈದ್ಯರು ಹೇಳಿದರು. ಮೊದಲು ಚಪಾತಿಯ ಹಿಟ್ಟು ಸೊಸೆಯ ಪಾಲಿಗೆ ಬಂದಿತು. 2022ರ ಯುಗಾದಿಯಂದು ಹೋಳಿಗೆ ಅಂಗಡಿಯಿಂದ ಬಂದಿತು. ಯಾರೂ ಏನೂ ಆಡಲಿಲ್ಲ. ತಾಯಿಯವರು ಒಂದು ಹೋಳಿಗೆಯನ್ನು ಮುರಿದು ನೋಡಿ, "ಕಣಕ ನೆನೆದಿಲ್ಲ" ಎಂದಷ್ಟೇ ಅಂದು ಎಲೆಯ ಅಂಚಿಗೆ ಸರಿಸಿದರು. ಅಂದಿನಿಂದ ಅವರು ಅಡುಗೆಮನೆಯೊಳಕ್ಕೆ ಬರುವುದನ್ನೇ ಕಡಮೆ ಮಾಡಿದರು. ಹಜಾರದ ಕುರ್ಚಿ ಅವರ ಸ್ಥಾನವಾಯಿತು.

ಇಂತಹ ಮನೆಗೆ 2023ರ ಡಿಸೆಂಬರ್ ತಿಂಗಳಲ್ಲಿ ಒಂದು ಯಂತ್ರ ಬಂದಿತು.

ಗೋಥೆನ್‌ಬರ್ಗಿನ ಪೆಟ್ಟಿಗೆ

ನನ್ನ ತಂಗಿ ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದಲ್ಲಿ ಸಂಸಾರ ಹೂಡಿದ್ದಾಳೆ. ರಜೆಗೆಂದು ಮೈಸೂರಿಗೆ ಬಂದಾಗ ಅವಳು ಹೊತ್ತು ತಂದದ್ದು ಬ್ರೆಡ್ ಮಾಡುವ ಯಂತ್ರ. ನೋಡುವುದಕ್ಕೆ ಅದೊಂದು ಮುಚ್ಚಳವಿರುವ ಚೌಕಾಕಾರದ ಡಬ್ಬ. ಒಳಗೆ ಒಂದು ಪಾತ್ರೆ. ಪಾತ್ರೆಯ ತಳದಲ್ಲಿ ಒಂದು ಮೊಳೆ. ಆ ಮೊಳೆಗೆ ಸಿಕ್ಕಿಸುವ ಹೆಬ್ಬೆರಳುದ್ದದ ಅಲಗು. ಹಾಲು, ಹಿಟ್ಟು, ಯೀಸ್ಟ್ ಹಾಕಿ ಗುಂಡಿ ಒತ್ತಿದರೆ ಅಲಗು ತಿರುಗಿ ಹಿಟ್ಟನ್ನು ಕಲಸುತ್ತದೆ, ನಾದುತ್ತದೆ. ಆಮೇಲೆ ಪಾತ್ರೆಯನ್ನು ಹದವಾಗಿ ಬೆಚ್ಚಗಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ. ಬೇಕೆಂದರೆ ಅಲ್ಲಿಯೇ ಬೇಯಿಸಿಯೂ ಕೊಡುತ್ತದೆ. ಬೇಯಿಸುವುದು ಬೇಡವೆನ್ನುವವರಿಗಾಗಿ 'ಹಿಟ್ಟು' ಎಂಬ ಬೇರೆ ಗುಂಡಿಯೇ ಇದೆ. ಅದನ್ನು ಒತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ನಾದಿ ಉಬ್ಬಿಸಿದ ಹಿಟ್ಟು ಸಿದ್ಧ.

ಹೊರನಾಡಿನಿಂದ ಇಂತಹ ಯಂತ್ರವನ್ನು ತರಿಸುವವರಿಗೆ ಒಂದು ಮಾತು. ಸ್ವೀಡನ್ನಿನ ವಿದ್ಯುತ್ತೂ ನಮ್ಮ ಹಾಗೆಯೇ 230 ವೋಲ್ಟಿನದು. ಪ್ಲಗ್ಗಿನ ಕಡ್ಡಿಗಳು ಮಾತ್ರ ಬೇರೆ. ಒಂದು ಅಡಾಪ್ಟರ್ ಇದ್ದರೆ ಸಾಕು. ಅಮೆರಿಕದ ಯಂತ್ರವಾದರೋ 120 ವೋಲ್ಟಿಗೆ ಮಾಡಿದ್ದು; ಅದನ್ನು ನೇರವಾಗಿ ನಮ್ಮ ಗೋಡೆಗೆ ಚುಚ್ಚಿದರೆ ಅಂದಿಗೇ ಅದರ ಆಯುಷ್ಯ ಮುಗಿಯುತ್ತದೆ.

"ಇದನ್ನು ತಂದದ್ದು ಬ್ರೆಡ್ಡಿಗಾಗಿ ಅಲ್ಲ, ಅಣ್ಣ. ಕನೇಲ್‌ಬುಲ್ಲೆ ಮಾಡುವುದಕ್ಕೆ" ಎಂದಳು ತಂಗಿ.

ಸ್ವೀಡಿಷ್ ಭಾಷೆಯಲ್ಲಿ 'ಕನೇಲ್' ಎಂದರೆ ದಾಲ್ಚಿನ್ನಿ, 'ಬುಲ್ಲೆ' ಎಂದರೆ ಬನ್ನು. ಉಬ್ಬಿದ ಹಿಟ್ಟನ್ನು ಹಾಳೆಯಾಗಿ ಲಟ್ಟಿಸಿ, ಮೇಲೆ ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಪುಡಿಗಳನ್ನು ಸವರಿ, ಚಾಪೆಯಂತೆ ಸುತ್ತಿ, ತುಂಡು ತುಂಡಾಗಿ ಕೊಯ್ದು ಬೇಯಿಸುವ ಭಕ್ಷ್ಯವಿದು. ನಾವು ಇದನ್ನು ದಾಲ್ಚಿನ್ನಿ ಸುರುಳಿ ಎಂದು ಕರೆದುಕೊಳ್ಳೋಣ. ಮೊದಲನೆಯ ಮಹಾಯುದ್ಧದ ಕಾಲದ ಅಭಾವ ಕಳೆದು ಬೆಣ್ಣೆ ಸಕ್ಕರೆಗಳು ಮತ್ತೆ ಕೈಗೆಟುಕಿದ ಮೇಲೆ, 1920ರ ದಶಕದಲ್ಲಿ, ಇದು ಸ್ವೀಡನ್ನಿನಲ್ಲಿ ಬಳಕೆಗೆ ಬಂದಿತು. ಮನೆಮನೆಯ ತಿಂಡಿಯಾದದ್ದು 1950ರ ದಶಕದಲ್ಲಿ. 1999ರಿಂದ ಅಲ್ಲಿ ಅಕ್ಟೋಬರ್ 4ನೆಯ ದಿನವನ್ನು ಈ ಸುರುಳಿಯ ದಿನವೆಂದೇ ಆಚರಿಸುತ್ತಾರೆ. ಕೆಲಸದ ನಡುವೆ ಕಾಫಿಗಾಗಿ ಕುಳಿತುಕೊಳ್ಳುವ ಬಿಡುವಿಗೆ ಅವರು 'ಫೀಕಾ' ಎನ್ನುತ್ತಾರೆ. ಆ ಬಿಡುವಿನ ಸಂಗಾತಿ ಈ ಸುರುಳಿ. ಗೋಥೆನ್‌ಬರ್ಗಿನ ಹಾಗಾ ಎಂಬ ಹಳೆಯ ಬಡಾವಣೆಯಲ್ಲಿ ಊಟದ ತಟ್ಟೆಯಷ್ಟು ಅಗಲದ ಸುರುಳಿಗಳನ್ನು ಮಾರುತ್ತಾರೆ. ಎಲ್ಲಕ್ಕಿಂತ ನನಗೆ ಸೋಜಿಗವೆನಿಸಿದ್ದು ಇದು: ಹಿಮ ಬೀಳುವ ಆ ನಾಡಿನವರು ಸುರುಳಿಯ ಹಿಟ್ಟಿಗೆ ಏಲಕ್ಕಿಯನ್ನು ಕುಟ್ಟಿ ಹಾಕುತ್ತಾರೆ!

ಹಜಾರದ ಕುರ್ಚಿಯಿಂದ ತಾಯಿಯವರು ಇದನ್ನೆಲ್ಲ ಕೇಳುತ್ತಿದ್ದರು. "ಚಕ್ಕೆ ಹಾಕಿ ಸಿಹಿ ಮಾಡುತ್ತಾರೆಯೆ? ಅದು ಬಿಸಿಬೇಳೆ ಭಾತಿಗಲ್ಲವೆ ಹಾಕುವುದು?" ಎಂದರು. ಯಂತ್ರದ ಕಡೆಗೆ ಮಾತ್ರ ಅವರು ತಿರುಗಿ ನೋಡಲಿಲ್ಲ. ತಾವು ಮಾಡಲಾರದ ಕೆಲಸವನ್ನು ಮಾಡುವುದಕ್ಕೆಂದು ಬಂದ ವಸ್ತುವನ್ನು ಕಂಡರೆ ಯಾರಿಗೆ ತಾನೆ ಸಂತೋಷ?

ಮೂರು ಸೋಲುಗಳು

ತಂಗಿ ಮಾಡುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಊರಿಗೆ ಹೊರಟುಹೋದಳು. ಮುಂದಿನ ಭಾನುವಾರ ನಾನೇ ಅಡುಗೆಮನೆಯನ್ನು ಪ್ರವೇಶಿಸಿದೆ. ಹಾಳೆಯಲ್ಲಿದ್ದ ಎಲ್ಲವನ್ನೂ ಪಾತ್ರೆಗೆ ಸುರಿದು ಗುಂಡಿ ಒತ್ತಿದೆ. ಯಂತ್ರ ಗಂಭೀರವಾಗಿ ಗುನುಗಿತು. ಒಂದೂವರೆ ಗಂಟೆಯ ತರುವಾಯ ಮುಚ್ಚಳ ತೆರೆದರೆ ಹಾಲು ಹಾಲಾಗಿಯೇ, ಹಿಟ್ಟು ಹಿಟ್ಟಾಗಿಯೇ ಇದ್ದವು. ಅಲಗನ್ನು ಸಿಕ್ಕಿಸುವುದನ್ನೇ ನಾನು ಮರೆತಿದ್ದೆ. ಒಳಗೆ ಬರಿಯ ಮೊಳೆ ತಿರುಗುತ್ತಿತ್ತು. ನನ್ನ ಎಂಟು ವರ್ಷದ ಮಗಳು ಎರಡು ದಿನ ಇದನ್ನು ನೆರೆಮನೆಗಳಲ್ಲೆಲ್ಲ ಸಾರಿದಳು.

ಎರಡನೆಯ ಸೋಲು ಅಳತೆಯದು. ಸ್ವೀಡನ್ನಿನವರು ಹಿಟ್ಟನ್ನು ಅಳೆಯುವುದು ಡೆಸಿಲೀಟರಿನಲ್ಲಿ. ಹಾಳೆಯಲ್ಲಿ 'ಮೈದಾ ಏಳೂವರೆ ಡೆಸಿಲೀಟರ್' ಎಂದಿತ್ತು. ಒಂದು ಡೆಸಿಲೀಟರ್ ನೀರು ನೂರು ಗ್ರಾಂ ತೂಗುವುದೆಂದು ಶಾಲೆಯಲ್ಲಿ ಕಲಿತಿದ್ದ ನಾನು 750 ಗ್ರಾಂ ಮೈದಾ ತೂಗಿ ಹಾಕಿದೆ. ಯಂತ್ರ ಎರಡು ಸುತ್ತು ತಿರುಗಿ, ನರಳಿ, ನಿಂತಿತು. ಒಳಗಿದ್ದುದು ಹಿಟ್ಟಲ್ಲ, ಗುಂಡುಕಲ್ಲು. ಆಗ ಹಜಾರದಿಂದ ಒಂದು ಧ್ವನಿ ಬಂದಿತು: "ಒಂದು ಸೇರು ಅವಲಕ್ಕಿಯೂ ಒಂದು ಸೇರು ಬೇಳೆಯೂ ಒಂದೇ ತೂಕವೇನೋ?" ಅದೇ ನಿಜ. ಮೈದಾ ಸಡಿಲವಾದ ಪದಾರ್ಥ. ಒಂದು ಡೆಸಿಲೀಟರಿಗೆ ಸುಮಾರು 60 ಗ್ರಾಂ ಮಾತ್ರ ತೂಗುತ್ತದೆ. ಬೇಕಾಗಿದ್ದುದು 450 ಗ್ರಾಂ. ಅಂದಿನಿಂದ ನಮ್ಮ ಮನೆಯಲ್ಲಿ ಹಿಟ್ಟನ್ನು ತಕ್ಕಡಿಯಲ್ಲಿಯೇ ತೂಗುವ ಪದ್ಧತಿ ಬಂದಿದೆ. ಹೊಸದಾಗಿ ಮಾಡುವವರು ಕಪ್ಪು ಲೋಟಗಳ ಲೆಕ್ಕವನ್ನು ಬಿಟ್ಟು ತೂಕವನ್ನೇ ಹಿಡಿಯುವುದು ಕ್ಷೇಮ.

ಮೂರನೆಯ ಭಾನುವಾರ ಅಲಗೂ ಇತ್ತು, ಅಳತೆಯೂ ಸರಿಯಿತ್ತು. ಆದರೆ ಹಿಟ್ಟು ಉಬ್ಬಲಿಲ್ಲ. ಮಾಗಿಯ ಚಳಿಯಲ್ಲಿ ಅದಕ್ಕೆ ಸಹಾಯವಾಗಲೆಂದು ನಾನು ಹಾಲನ್ನು ಚೆನ್ನಾಗಿ ಕಾಯಿಸಿ ಹೊಗೆಯಾಡುತ್ತಿರುವಾಗಲೇ ಸುರಿದಿದ್ದೆ. ಈ ಸಲ ತಾಯಿಯವರು ಎದ್ದು ಅಡುಗೆಮನೆಯ ಬಾಗಿಲವರೆಗೂ ಬಂದರು.

"ಯೀಸ್ಟು ಎಂದರೆ ಏನು?" ಎಂದು ಕೇಳಿದರು.

"ಒಂದು ಸೂಕ್ಷ್ಮಜೀವಿ, ಅಮ್ಮ. ಸಕ್ಕರೆಯನ್ನು ತಿಂದು ಗಾಳಿಯನ್ನು ಬಿಡುತ್ತದೆ. ಆ ಗಾಳಿಯಿಂದ ಹಿಟ್ಟು ಉಬ್ಬುತ್ತದೆ."

"ಹಾಗಾದರೆ ಅದೂ ಹೆಪ್ಪಿನ ಹಾಗೆಯೇ ಅಲ್ಲವೆ? ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾದೀತೇನೋ? ಇಷ್ಟು ಓದಿದ್ದೀಯೆ!"

ನಾನು ನಿರುತ್ತರನಾದೆ. ಯೀಸ್ಟ್ ಒಂದೇ ಜೀವಕೋಶದ ಶಿಲೀಂಧ್ರ. ಮೈಗೆ ಬೆಚ್ಚಗೆನಿಸುವ 35-40 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 60 ಡಿಗ್ರಿಯ ಹೊತ್ತಿಗೆ ಅದು ಸತ್ತಿರುತ್ತದೆ. ಬೆರಳದ್ದಿದರೆ ಸುಡದಂತಹ, ಹೆಪ್ಪು ಹಾಕುವಷ್ಟು ಉಗುರುಬೆಚ್ಚಗಿನ ಹಾಲು ಎಂಬ ನಮ್ಮ ಮನೆಗಳ ಅಳತೆ ಉಷ್ಣಮಾಪಕಕ್ಕೆ ಏನೂ ಕಡಮೆಯಲ್ಲ.

ಎರಡು ಬೆರಳಿನ ಪರೀಕ್ಷೆ

ನಾಲ್ಕನೆಯ ಸಲ ತಾಯಿಯವರ ಕುರ್ಚಿ ಅಡುಗೆಮನೆಯೊಳಕ್ಕೆ ಬಂದಿತು. ಯಂತ್ರ ಹತ್ತು ನಿಮಿಷ ನಾದಿದ ಮೇಲೆ ಅವರು, "ಮುಚ್ಚಳ ತೆಗೆ" ಎಂದರು. ತೆಗೆಯಬಹುದೋ ಬಾರದೋ ಎಂದು ನನಗೆ ಅನುಮಾನ. ನಾದುವ ವೇಳೆಯಲ್ಲಿ ತೆಗೆದರೆ ಬಾಧಕವಿಲ್ಲವೆಂದು ಅದರ ಕೈಪಿಡಿಯಲ್ಲಿಯೇ ಬರೆದಿತ್ತು. ಬೇಯಿಸುವಾಗ ಮಾತ್ರ ತೆಗೆಯಬಾರದು. ಯಂತ್ರವನ್ನು ನಿಲ್ಲಿಸಿ ಒಂದು ಚಿಟಿಕೆ ಹಿಟ್ಟನ್ನು ಅವರ ಕೈಗೆ ಕೊಟ್ಟೆ. ನೋವಿದ್ದ ಆ ಬೆರಳುಗಳು ಹಿಟ್ಟನ್ನು ನಾದಲಾರವು ನಿಜ, ಆದರೆ ಮುಟ್ಟಿ ನೋಡಬಲ್ಲವು. ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಒತ್ತಿ, "ಇನ್ನೂ ಬಿರುಸು. ಎರಡು ಚಮಚ ಹಾಲು ಹಾಕು" ಎಂದರು. ಹಾಕಿದೆವು. ಮತ್ತೆ ಹತ್ತು ನಿಮಿಷ ಕಳೆದ ಮೇಲೆ ಇನ್ನೊಂದು ಚೂರನ್ನು ತೆಗೆದುಕೊಂಡು ಮೆಲ್ಲಗೆ ಎಳೆದರು. ಅದು ಹರಿಯದೆ, ಕಿಟಕಿಯ ಬೆಳಕು ಆಚೆಯಿಂದ ಕಾಣುವಷ್ಟು ತೆಳ್ಳಗೆ ಪೊರೆಯಾಗಿ ನಿಂತಿತು. "ಈಗ ಸರಿ. ಕಣಕ ಎಳೆ ಕಟ್ಟಿದೆ" ಎಂದರು.

ಲೋಕದ ನುರಿತ ಬ್ರೆಡ್ ಕಸುಬಿನವರೆಲ್ಲ ಮಾಡುವ ಪರೀಕ್ಷೆಯೂ ಇದೇ ಎಂದು ಆಮೇಲೆ ಓದಿ ತಿಳಿದೆ. ಗೋಧಿಯಲ್ಲಿ ಎರಡು ಬಗೆಯ ಪ್ರೋಟೀನುಗಳಿವೆ. ನೀರು ತಗುಲಿದಾಗ ಅವು ಕೂಡಿ ಗ್ಲೂಟೆನ್ ಎಂಬ ಅಂಟಾಗುತ್ತವೆ. ನಾದಿದಂತೆಲ್ಲ ಆ ಅಂಟು ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುವುದು ಈ ಬಲೆಯೇ. ರಾಗಿಗೂ ಅಕ್ಕಿಗೂ ಈ ಗುಣವಿಲ್ಲ. ಆದುದರಿಂದಲೇ ರಾಗಿಯ ಮುದ್ದೆಯನ್ನು ಎಳೆದರೆ ತುಂಡಾಗುತ್ತದೆ, ಹೋಳಿಗೆಯ ಕಣಕವನ್ನು ಎಳೆದರೆ ಹಿಗ್ಗುತ್ತದೆ. ಬೆಣ್ಣೆ ಸಕ್ಕರೆಗಳು ಸೇರಿದ ಹಿಟ್ಟಿನಲ್ಲಿ ಈ ಬಲೆ ಕೂಡಿಕೊಳ್ಳುವುದು ಇನ್ನೂ ನಿಧಾನ. ಕೈಯಿಂದಲೇ ಮಾಡುವವರು ಹದಿನೈದು ಇಪ್ಪತ್ತು ನಿಮಿಷ ಬಿಡದೆ ನಾದಬೇಕು. ಯಂತ್ರದ ಉಪಕಾರವಿರುವುದು ಇಲ್ಲಿಯೇ.

ಒಸಾಕದ ಪಾಠ

ಈ ಯಂತ್ರ ಹುಟ್ಟಿದ ಕಥೆ ಆಮೇಲೆ ನನ್ನ ಕಣ್ಣಿಗೆ ಬಿತ್ತು. ಜಪಾನಿನ ಒಸಾಕದಲ್ಲಿ ಮತ್ಸುಶಿತಾ ಎಂಬ ವಿದ್ಯುತ್ ಉಪಕರಣಗಳ ಸಂಸ್ಥೆಯಿತ್ತು. ಇಂದು ಪ್ಯಾನಸೋನಿಕ್ ಎಂದು ಹೆಸರಾಗಿರುವುದು ಅದೇ. 1985ರ ಸುಮಾರಿಗೆ ಅಲ್ಲಿಯ ಎಂಜಿನಿಯರುಗಳು ಮನೆಯಲ್ಲಿಯೇ ಬ್ರೆಡ್ ಮಾಡುವ ಯಂತ್ರವೊಂದನ್ನು ಕಟ್ಟಲು ಹೊರಟರು. ಬ್ರೆಡ್ಡಿನ ಹೊರಮೈ ಸೀಯುತ್ತಿತ್ತು, ಒಳಗೆ ಹಸಿಯೇ ಉಳಿಯುತ್ತಿತ್ತು. ಯಂತ್ರ ನಾದಿದ ಹಿಟ್ಟಿಗೂ ಕಸುಬುದಾರರು ನಾದಿದ ಹಿಟ್ಟಿಗೂ ಏನು ವ್ಯತ್ಯಾಸವೆಂದು ಎಕ್ಸ್-ರೇ ಹಿಡಿದು ನೋಡಿದರು, ಗುಟ್ಟು ತಿಳಿಯಲಿಲ್ಲ. ಆಗ ಇಕುಕೊ ತನಾಕಾ ಎಂಬ ಮಹಿಳೆ ಒಂದು ದಾರಿ ಸೂಚಿಸಿದರು. ಆಕೆ ಗಣಕಯಂತ್ರದ ಕಾರ್ಯಕ್ರಮಗಳನ್ನು ಬರೆಯುವವರು. ಊರಿನಲ್ಲಿ ಒಳ್ಳೆಯ ಬ್ರೆಡ್ಡಿಗೆ ಹೆಸರಾಗಿದ್ದ ಒಸಾಕ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬ್ರೆಡ್ ಕಸುಬುದಾರನ ಬಳಿ ಆಕೆ ಶಿಷ್ಯೆಯಾಗಿ ನಿಂತರು. ಆತನ ಕೈ ಹಿಟ್ಟನ್ನು ಬರಿದೆ ಹಿಗ್ಗಿಸುವುದಿಲ್ಲ, ಹಿಗ್ಗಿಸುವಾಗಲೇ ತಿರುಚುತ್ತದೆ ಎಂಬುದನ್ನು ಕಂಡುಕೊಂಡರು. ಆ ತಿರುಚು ಹಿಟ್ಟಿಗೆ ಬರುವಂತೆ ಎಂಜಿನಿಯರುಗಳು ಪಾತ್ರೆಯ ಒಳಮೈಗೆ ಏಣುಗಳನ್ನು ಕೂಡಿಸಿದರು. ಒಂದು ವರ್ಷಕ್ಕೂ ಮೀರಿದ ಪ್ರಯತ್ನದ ಫಲವಾಗಿ 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂದಿತು. ಇಕುಜಿರೊ ನೊನಾಕಾ ಮತ್ತು ಹಿರೊಟಾಕಾ ತಾಕೆಯುಚಿ ಎಂಬ ವಿದ್ವಾಂಸರು 1995ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನು ಒಂದು ಮುಖ್ಯ ನಿದರ್ಶನವಾಗಿ ಕೊಟ್ಟಿದ್ದಾರೆ. ಕೈಗೆ ಗೊತ್ತಿದ್ದು ಮಾತಿಗೆ ಬಾರದ ಅರಿವೊಂದಿದೆ. ಅದನ್ನು ಪಡೆಯಬೇಕಾದರೆ ಬಲ್ಲವರ ಪಕ್ಕದಲ್ಲಿ ನಿಲ್ಲಬೇಕು ಎಂಬುದು ಅವರ ಮಾತಿನ ಸಾರ.

ಈ ಕಥೆಯನ್ನು ತಾಯಿಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅತ್ತೆಯವರು ಮೂರು ವರ್ಷ ನನಗೆ ಕಣಕ ಮುಟ್ಟಗೊಡಲಿಲ್ಲ. 'ನೋಡುತ್ತಿರು' ಎನ್ನುತ್ತಿದ್ದರು ಅಷ್ಟೆ" ಎಂದರು. ಮರುಗಳಿಗೆಯಲ್ಲಿ ಯಂತ್ರದ ಮುಚ್ಚಳವನ್ನು ತಾವೇ ಎತ್ತಿ ಒಳಗೆ ನೋಡಿದರು. ಅದನ್ನು ಅವರು ಮುಟ್ಟಿದ್ದು ಅದೇ ಮೊದಲು.

ಮಾಡುವ ಕ್ರಮ

ಹನ್ನೆರಡು ಸುರುಳಿಗಳಿಗೆ ನಾವು ಹಿಡಿದಿರುವ ಅಳತೆ ಹೀಗಿದೆ: ಉಗುರುಬೆಚ್ಚಗಿನ ಹಾಲು 240 ಮಿಲಿಲೀಟರ್, ಮೊಟ್ಟೆಗೆ ಬದಲಾಗಿ ದೊಡ್ಡ ಚಮಚದಲ್ಲಿ ಮೂರು ಚಮಚ ಮೊಸರು, ಕರಗಿಸಿ ಆರಿಸಿದ ಬೆಣ್ಣೆ 50 ಗ್ರಾಂ, ಸಕ್ಕರೆ 60 ಗ್ರಾಂ, ಉಪ್ಪು ಒಂದು ಚಿಕ್ಕ ಚಮಚ, ಏಲಕ್ಕಿ ಪುಡಿ ಒಂದು ಚಿಕ್ಕ ಚಮಚ, ಮೈದಾ 450 ಗ್ರಾಂ, ಒಣ ಇನ್‌ಸ್ಟೆಂಟ್ ಯೀಸ್ಟ್ 7 ಗ್ರಾಂ. ನಮ್ಮ ಯಂತ್ರದಲ್ಲಿ ದ್ರವಗಳು ಮೊದಲು, ಅವುಗಳ ಮೇಲೆ ಹಿಟ್ಟು, ಹಿಟ್ಟಿನ ನಡುವೆ ಗುಳಿ ಮಾಡಿ ಯೀಸ್ಟ್. ಉಪ್ಪು ಯೀಸ್ಟಿಗೆ ತಾಗದಂತೆ ಮೂಲೆಯಲ್ಲಿರಬೇಕು. ಕೆಲವು ಯಂತ್ರಗಳಲ್ಲಿ ಯೀಸ್ಟನ್ನೇ ಮೊದಲು ಹಾಕುವ ಕ್ರಮವುಂಟು. ಆಯಾ ಕೈಪಿಡಿಯನ್ನು ನೋಡಿಕೊಳ್ಳಬೇಕು. ಹತ್ತನೆಯ ನಿಮಿಷಕ್ಕೆ ಒಮ್ಮೆ ಮುಚ್ಚಳ ತೆರೆದು ಮುಟ್ಟಿ ನೋಡುವುದನ್ನು ಮರೆಯಬಾರದು. ಹಿಟ್ಟು ಪಾತ್ರೆಯ ಗೋಡೆಯನ್ನು ಬಿಟ್ಟು ಉಂಡೆಯಾಗಿ ತಿರುಗುತ್ತಿರಬೇಕು. ಮುಟ್ಟಿದರೆ ಮೃದುವಾಗಿರಬೇಕು, ಕೈಗೆ ಮೆತ್ತಬಾರದು.

ಯಂತ್ರದ ಕೆಲಸ ಇಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಕೈಯದು. ಉಬ್ಬಿದ ಹಿಟ್ಟನ್ನು ಮಣೆಯ ಮೇಲೆ ಸುಮಾರು ಒಂದೂಕಾಲು ಅಡಿ ಉದ್ದ, ಒಂದಡಿ ಅಗಲದ ಹಾಳೆಯಾಗಿ ಲಟ್ಟಿಸಿ, 60 ಗ್ರಾಂ ಮೆದು ಬೆಣ್ಣೆಯನ್ನು ಸವರಬೇಕು. ಅದರ ಮೇಲೆ 100 ಗ್ರಾಂ ಕಂದು ಸಕ್ಕರೆಯನ್ನೋ ಒಣಗಿದ ಬೆಲ್ಲದ ಪುಡಿಯನ್ನೋ ಒಂದು ದೊಡ್ಡ ಚಮಚ ದಾಲ್ಚಿನ್ನಿ ಪುಡಿಯೊಡನೆ ಬೆರೆಸಿ ಹರಡಬೇಕು. ಬೆಲ್ಲ ಹಸಿಯಾಗಿದ್ದರೆ ಕರಗಿ ಹೊರಗೆ ಹರಿದುಬಿಡುತ್ತದೆ. ದಾಲ್ಚಿನ್ನಿಯನ್ನು ಹಿಟ್ಟಿಗೇ ಸೇರಿಸಿ ನಾದಿದರಾಗದೆ ಎಂದು ಕೆಲವರು ಕೇಳಿಯಾರು. ಅದರ ಸತ್ತ್ವ ಯೀಸ್ಟಿನ ಬೆಳವಣಿಗೆಯನ್ನು ತಡೆಯುತ್ತದೆ, ಆದುದರಿಂದ ಅದು ಹೂರಣದಲ್ಲಿಯೇ ಇರುವುದು ಲೇಸು.

ದಾಲ್ಚಿನ್ನಿ ಎಂಬ ಶಬ್ದ ಪಾರಸಿಯ 'ದಾರ್‌ಚೀನೀ'ಯಿಂದ ಬಂದದ್ದು. ಚೀನದ ಮರವೆಂದು ಅದರ ಅರ್ಥ. ನಮ್ಮ ಅಂಗಡಿಗಳಲ್ಲಿ ಚಕ್ಕೆಯೆಂದು ದೊರೆಯುವುದು ಹೆಚ್ಚಾಗಿ ಕ್ಯಾಸಿಯಾ ಎಂಬ ಸೋದರ ಜಾತಿಯ ತೊಗಟೆ. ಅದು ದಪ್ಪ, ಒರಟು, ಖಾರ. ಸಿಂಹಳದ ನಿಜವಾದ ದಾಲ್ಚಿನ್ನಿ ಕಾಗದದಂತೆ ತೆಳ್ಳಗಿದ್ದು ಪದರ ಪದರವಾಗಿ ಸುತ್ತಿಕೊಂಡಿರುತ್ತದೆ, ಪರಿಮಳವೂ ಸೌಮ್ಯ. ಸುರುಳಿಗೆ ಎರಡೂ ನಡೆದಾವು, ಆದರೆ ಪುಡಿ ಅಂದೇ ಮಾಡಿದ್ದಾಗಿರಲಿ.

ಹಾಳೆಯನ್ನು ಸುತ್ತುವಾಗ ನನ್ನ ಕೈ ತಡವರಿಸಿತು. ತೀರ್ಥಹಳ್ಳಿಯ ಕಡೆಯವಳಾದ ನನ್ನ ಮನೆಯಾಕೆ, "ಸರಿಯಿರಿ, ಇದು ಪತ್ರೊಡೆ ಸುತ್ತಿದ ಹಾಗೆಯೇ" ಎಂದು ಎರಡು ನಿಮಿಷದಲ್ಲಿ ಬಿಗಿಯಾಗಿ ಸುತ್ತಿಟ್ಟಳು. "ಪತ್ರೊಡೆಯಲ್ಲಮ್ಮ, ಚಿರೋಟಿ" ಎಂದರು ತಾಯಿಯವರು. ಚಾಕುವಿನಿಂದ ಕೊಯ್ದರೆ ಸುರುಳಿ ಅಪ್ಪಚ್ಚಿಯಾಗುತ್ತದೆ. ಹೂ ಕಟ್ಟುವ ಹೊಸ ದಾರವನ್ನು ಅಡಿಯಲ್ಲಿ ತೂರಿಸಿ, ಮೇಲೆ ಎರಡು ತುದಿಗಳನ್ನು ಅಡ್ಡಹಾಯಿಸಿ ಎಳೆದರೆ ತುಂಡುಗಳು ದುಂಡಾಗಿ ಬರುತ್ತವೆ. ಈ ಕೆಲಸ ನನ್ನ ಮಗಳ ಪಾಲಿಗೆ ಬಂದಿತು. ತುಂಡುಗಳನ್ನು ಬೆಣ್ಣೆ ಸವರಿದ ತಟ್ಟೆಯಲ್ಲಿ ನಡುನಡುವೆ ಬಿಡುವಿರುವಂತೆ ಜೋಡಿಸಿ, ಬಟ್ಟೆ ಮುಚ್ಚಿ, ಮತ್ತೊಮ್ಮೆ ಉಬ್ಬಲು ಬಿಡಬೇಕು. ಚಳಿಗಾಲದಲ್ಲಿ ಮುಕ್ಕಾಲು ಗಂಟೆಯಾದರೂ ಬೇಕು. ಬೇಸಗೆಯಲ್ಲಿ ಅರ್ಧ ಗಂಟೆ ಸಾಕು. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬಿದ್ದ ಗುಳಿ ನಿಧಾನವಾಗಿ ಮೇಲೇಳಬೇಕು. ಆಮೇಲೆ 180 ಡಿಗ್ರಿಗೆ ಕಾದ ಓವನ್ನಿನಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಯಿಸಿದರೆ ಮೇಲ್ಮೈ ಹೊಂಬಣ್ಣಕ್ಕೆ ತಿರುಗುತ್ತದೆ.

ಆ ಭಾನುವಾರದ ಸಾಯಂಕಾಲ ಬೀದಿಯ ತಿರುವಿನವರೆಗೂ ಪರಿಮಳ ಹರಡಿತ್ತೆಂದು ನೆರೆಯವರು ಹೇಳಿದರು. ಬಿಸಿ ಬಿಸಿಯಾದ ಸುರುಳಿ, ಲೋಟದ ತುಂಬ ಕಾಫಿ. ತಾಯಿಯವರು ಸುರುಳಿಯ ಹೊರ ಎಳೆಯನ್ನು ಬಿಡಿಸಿ, ಬಾಯಿಗೆ ಹಾಕಿಕೊಂಡು, "ಪರವಾಗಿಲ್ಲ. ಚಕ್ಕೆ ಸ್ವಲ್ಪ ಮುಂದಾಯಿತು" ಎಂದರು. ನಡುವಿನ ಮೆತ್ತನೆಯ ಭಾಗವನ್ನು ಮೊಮ್ಮಗಳಿಗೆ ಕೊಟ್ಟರು.

ಮತ್ತೆ ಯುಗಾದಿ

ನಾನು ಬರೆಯಹೊರಟಿದ್ದು ಒಂದು ತಿಂಡಿಯ ವಿಚಾರ. ಆದರೆ ಮುಗಿಸುವ ಮುನ್ನ ಒಂದು ಸಂಗತಿಯನ್ನು ಹೇಳಲೇಬೇಕು. ಯಂತ್ರಗಳು ಬಂದರೆ ಕೈಕೆಲಸದ ಜಾಣ್ಮೆ ಅಳಿದುಹೋಗುತ್ತದೆ ಎಂದು ನಾನೂ ನಂಬಿದ್ದವನೇ. ಅಳಿಯುವುದೂ ಉಂಟು. ಆದರೆ ನಮ್ಮ ಮನೆಯಲ್ಲಿ ನಡೆದದ್ದು ಬೇರೆ. ನಾದುವ ಶ್ರಮವನ್ನು ಯಂತ್ರ ವಹಿಸಿಕೊಂಡಿತು. ಹದವನ್ನು ಅರಿಯುವ ಕೆಲಸ ಹಾಗೆಯೇ ಉಳಿಯಿತು. ಆ ಕೆಲಸಕ್ಕೆ ನೋವಿಲ್ಲದ ಕೈ ಬೇಕಿರಲಿಲ್ಲ, ಅರಿವುಳ್ಳ ಕೈ ಬೇಕಿತ್ತು. ಅದು ನಮ್ಮ ಮನೆಯಲ್ಲಿಯೇ ಇತ್ತು. ನಾವೇ ಅದನ್ನು ಹಜಾರದಲ್ಲಿ ಕೂರಿಸಿದ್ದೆವು.

2024ರ ಏಪ್ರಿಲ್ 9ರಂದು ಯುಗಾದಿ. ಹಿಂದಿನ ದಿನವೇ ತಾಯಿಯವರು ಚಿರೋಟಿ ರವೆ ತರಿಸಿದ್ದರು. ಬೆಳಗ್ಗೆ ರವೆ, ಮೈದಾ, ಚಿಟಿಕೆ ಅರಿಸಿನ, ನೀರು, ಎಣ್ಣೆ ಯಂತ್ರದ ಪಾತ್ರೆಗೆ ಬಿದ್ದವು. ಯೀಸ್ಟಿಗೆ ಅಂದು ಕೆಲಸವಿರಲಿಲ್ಲ. ಕಾಲು ಗಂಟೆ ನಾದಿಸಿ, ಯಂತ್ರ ಬಿಸಿಯೇರುವ ಮೊದಲೇ ನಿಲ್ಲಿಸಿದೆವು. ತಾಯಿಯವರು ಕಣಕವನ್ನು ಎಳೆದು ನೋಡಿ, ಮೇಲೆ ಎಣ್ಣೆ ಸುರಿಸಿ, ತಟ್ಟೆ ಮುಚ್ಚಿಸಿ, "ಎರಡು ಗಂಟೆ ಯಾರೂ ಮುಟ್ಟಕೂಡದು" ಎಂದು ಆಜ್ಞೆ ಮಾಡಿದರು. ಸೊಸೆ ಹೋಳಿಗೆ ತಟ್ಟಿದಳು, ನಾನು ಕಾವಲಿಯ ಮುಂದೆ ನಿಂತೆ.

ಎಲೆಗೆ ಬಂದ ಮೊದಲ ಹೋಳಿಗೆಯನ್ನು ತಾಯಿಯವರು ಮುರಿದು ನೋಡಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಪೂರ್ತಿ ತಿಂದು ಮುಗಿಸಿ, ಎರಡನೆಯದನ್ನು ಕೇಳಿ ಹಾಕಿಸಿಕೊಂಡು ಅವರು ಹೇಳಿದರು: "ಮುಂದಿನ ಸಲ ಇನ್ನೆರಡು ಚಮಚ ಎಣ್ಣೆ ಇರಲಿ. ನಾನು ಇದ್ದು ಹೇಳುತ್ತೇನೆ."